ಯಂತ್ರ ಕೇಳಿದ ಪ್ರಶ್ನೆ

"ಗುರುಗಳೇ, ಈ ಯಂತ್ರ ಪದೇ ಪದೇ ನನ್ನನ್ನೇ ಕೇಳುತ್ತದೆ. ಇನ್ನು ಕೇಳಬೇಡ, ನೀನೇ ಹುಡುಕಿಕೊ ಎಂದುಬಿಡಲೇ?"

ಕೇಳಿದವನು ಪ್ರಭುಲಿಂಗ. ಗುರುಗಳ ಬಳಿ ಹಾರ್ಮೋನಿಯಂ ಕಲಿಯುತ್ತಿದ್ದ. ಅವರ ಹಳೆಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸವನ್ನೂ ಅವನೇ ಮಾಡುತ್ತಿದ್ದ. ಅವನ ಮುಂದೆ ಕಂಪ್ಯೂಟರಿನ ಪರದೆಯಲ್ಲಿ ಸ್ಯಾಂಪ್ಲರ್ ತೆರೆದಿತ್ತು. ಅದು ತನ್ನದೆಂಬ ದನಿ ಇಲ್ಲದ ವಾದ್ಯ. ಮುದ್ರಿಸಿಟ್ಟ ಸ್ವರಗಳನ್ನು ಒಂದೊಂದು ಕೀಗೆ ಹಂಚಿಕೊಟ್ಟರೆ, ಕೀ ಒತ್ತಿದಾಗ ಆ ಸ್ವರ ಹೊರಡುತ್ತದೆ. ಸ್ವರದ ಫೈಲು ಇಟ್ಟ ಜಾಗದಲ್ಲಿ ಇಲ್ಲದಿದ್ದರೆ ಯಂತ್ರ ನಿಂತು ಕೇಳುತ್ತದೆ: ಕಾಣುತ್ತಿಲ್ಲ, ಎಲ್ಲಿದೆ? ಸೆಟ್ಟಿಂಗಿನಲ್ಲಿ ಒಂದು ಗುರುತು ಹಾಕಿದರೆ ಮತ್ತೆ ಕೇಳುವುದಿಲ್ಲ. ಅದೇ ಹೆಸರಿನ ಫೈಲು ಎಲ್ಲಿದ್ದರೂ ತಂದು ಕೂರಿಸಿಕೊಳ್ಳುತ್ತದೆ.

ಗುರುಗಳು ತಂಬೂರಿಯ ತಂತಿ ಸಡಿಲಿಸುತ್ತಿದ್ದವರು ಕೈ ನಿಲ್ಲಿಸಿದರು.

"ಗುರುತು ಹಾಕುವ ಮೊದಲು ಒಂದು ಕತೆ ಕೇಳು" ಎಂದರು.

ಒಂದೂರಿನಲ್ಲಿ ಒಬ್ಬ ಗಾಯಕಿ ಇದ್ದಳು. ಅವಳಿಗೊಬ್ಬ ತಮ್ಮ. ಅಕ್ಕ ಹಾಡುವಳು, ತಮ್ಮ ಮುದ್ರಿಸುವನು. ಅಕ್ಕನ ಯಮನ್ ರಾಗವೆಂದರೆ ಆ ಸೀಮೆಯಲ್ಲೆಲ್ಲ ಹೆಸರು. ಅವಳ ಗುರುವಿನ ಪುಣ್ಯತಿಥಿಯ ದಿನ ಸಂಜೆ ಸಂಗೀತ ಸಭೆ ಸೇರುತ್ತಿತ್ತು. ದೀಪ ಹಚ್ಚಿದೊಡನೆ ಮೊದಲು ಅವಳು ಕುಳಿತು ಯಮನ್ ಹಾಡಬೇಕು. ಉಳಿದವರೆಲ್ಲ ಆಮೇಲೆ. ಅದು ಆ ಊರಿನ ರೂಢಿ.

ಒಂದು ವರ್ಷ ಅಕ್ಕನ ಗಂಟಲು ಒಡೆಯಿತು. ಕಷಾಯ ಕುಡಿದಳು, ಮೌನ ಹಿಡಿದಳು, ಗುಣವಾಗಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋದರು. ವೈದ್ಯರು ನೋಡಿ, ಗಡ್ಡೆ ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು.

"ತೆಗೆಯದಿದ್ದರೆ?" ಎಂದಳು ಅಕ್ಕ.

"ನೀವು ಉಳಿಯುವುದಿಲ್ಲ."

"ತೆಗೆದರೆ ಉಳಿಯುವವಳು ನಾನೇನಾ?"

ತಮ್ಮ ಅಕ್ಕನ ಕೈ ಹಿಡಿದುಕೊಂಡ. ಊರಿಗೆ ಮರಳುವ ದಾರಿಯಲ್ಲಿ ಅವನೊಂದು ಉಪಾಯ ಯೋಚಿಸಿದ. ಅಕ್ಕನಿಗೆ ಉದ್ದಕ್ಕೆ ಹಾಡಲು ಆಗುತ್ತಿರಲಿಲ್ಲ. ಆದರೆ ಬೆಳಗಿನ ಹೊತ್ತು ಗಂಟಲು ಸ್ವಲ್ಪ ತಿಳಿಯಾಗಿರುತ್ತಿತ್ತು. ಒಂದೊಂದೇ ಸ್ವರವನ್ನು ಹಿಡಿದು ನಿಲ್ಲಿಸಬಲ್ಲವಳಾಗಿದ್ದಳು. ಅಷ್ಟು ಸಾಕು, ಒಂದೊಂದೇ ಸ್ವರ ಮುದ್ರಿಸಿಕೊಳ್ಳುತ್ತೇನೆ, ಸ್ಯಾಂಪ್ಲರಿಗೆ ಹಾಕುತ್ತೇನೆ, ಆಮೇಲೆ ನಿನ್ನ ಬೆರಳೇ ನಿನ್ನ ಗಂಟಲಾಗುತ್ತದೆ ಎಂದ.

ಅಕ್ಕ ಒಪ್ಪಿದಳು. ಮನಸ್ಸಿನಿಂದ ಒಪ್ಪಿದಳೋ ತಮ್ಮನ ಮುಖ ನೋಡಿ ಒಪ್ಪಿದಳೋ ಅವನಿಗೆ ತಿಳಿಯಲಿಲ್ಲ.

ಬೆಳಗಿನ ಹೊತ್ತು ಮುದ್ರಣ ನಡೆಯಿತು. ಷಡ್ಜ, ರಿಷಭ, ಗಾಂಧಾರ. ಯಮನ್ನಿನ ತೀವ್ರ ಮಧ್ಯಮ. ಪಂಚಮ, ಧೈವತ, ನಿಷಾದ. ಎಲ್ಲವೂ ಬಂದವು. ಆದರೆ ಎರಡು ಅಕ್ಕನಿಗೆ ಒಪ್ಪಿಗೆಯಾಗಲಿಲ್ಲ. ಮಧ್ಯಮ ಕೂದಲೆಳೆಯಷ್ಟು ಇಳಿದಿತ್ತು. ನಿಷಾದದ ಕೊನೆಯಲ್ಲಿ ಕೆಮ್ಮು ಬಂದು ಒಡೆದಿತ್ತು. ಆಸ್ಪತ್ರೆಗೆ ಹೊರಡುವ ದಿನ ಬಂತು. ಕಾರು ಬಾಗಿಲಲ್ಲಿ ನಿಂತಿತ್ತು. ಅಕ್ಕ ಸೀರೆ ಉಟ್ಟು ಸಿದ್ಧಳಾಗಿ ಬಂದವಳು ಮೈಕಿನ ಮುಂದೆ ಕುಳಿತುಬಿಟ್ಟಳು.

"ಹೊತ್ತಾಯಿತು ಅಕ್ಕಾ. ಇದ್ದುದರಲ್ಲೇ ನಡೆಯುತ್ತದೆ" ಎಂದ ತಮ್ಮ.

"ಇವೆರಡು ಸರಿಯಾಗದೆ ನಾನು ಹೊಸ್ತಿಲು ದಾಟುವುದಿಲ್ಲ."

ಮೊದಲು ಮಧ್ಯಮ ಹಾಡಿದಳು. ಆಮೇಲೆ ನಿಷಾದ. ಎರಡೂ ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಂತವು. ಅಕ್ಕ ಎದ್ದಳು. ಕಾರಿನವನು ಹಾರ್ನ್ ಹೊಡೆಯುತ್ತಿದ್ದ. ತಮ್ಮ ಹಳೆಯ ಎರಡನ್ನು ಅಳಿಸಿದ, ಹೊಸ ಎರಡನ್ನು ಕೈಗೆ ಸಿಕ್ಕ ಫೋಲ್ಡರಿನಲ್ಲಿ ಇಟ್ಟ, ಅವು ಅಲ್ಲಿವೆ ಎಂದು ಯಂತ್ರಕ್ಕೆ ತೋರಿಸಿದ, ಓಡಿದ. ಫೈಲುಗಳನ್ನೆಲ್ಲ ತನ್ನೊಳಗೇ ಇಟ್ಟುಕೊಳ್ಳುವ ಏರ್ಪಾಟು ಆ ಯಂತ್ರದಲ್ಲಿತ್ತು. ಜಾಗ ಬಹಳ ತಿನ್ನುತ್ತದೆ ಎಂದು ಅವನು ಅದನ್ನು ಆರಿಸಿರಲಿಲ್ಲ. ಎಲ್ಲಿದೆ ಎಂಬ ನೆನಪೊಂದು ಯಂತ್ರಕ್ಕಿದ್ದರೆ ಸಾಕು ಎಂದುಕೊಂಡಿದ್ದ.

ಶಸ್ತ್ರಕ್ರಿಯೆ ಆಯಿತು. ಅಕ್ಕ ಉಳಿದಳು. ಕೊರಳಿಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದಳು. ದನಿ ಇರಲಿಲ್ಲ. ಮಾತಾಡುವಂತೆ ತುಟಿ ಅಲ್ಲಾಡಿಸುವಳು, ತಮ್ಮ ತುಟಿ ನೋಡಿ ಅರ್ಥ ಮಾಡಿಕೊಳ್ಳುವನು. ಹಾರ್ಮೋನಿಯಂನಂತೆ ಕೀಗಳಿದ್ದ ಕೀಬೋರ್ಡನ್ನು ಅವನು ಕಂಪ್ಯೂಟರಿಗೆ ಜೋಡಿಸಿ ಅವಳ ಮುಂದೆ ಇಟ್ಟ. ಅವಳು ಮುಟ್ಟಲಿಲ್ಲ. ಒಮ್ಮೆ ಅವನೇ ಒಂದು ಕೀ ಒತ್ತಿದ. ಅವಳ ಗಾಂಧಾರ ಕೋಣೆಯನ್ನು ತುಂಬಿತು. ಅಕ್ಕ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದ ಮೇಲೆ ತುಟಿಯಲ್ಲೇ ಹೇಳಿದಳು: "ಸತ್ತವಳನ್ನು ಕೂಗಿ ಕರೆದ ಹಾಗಾಯಿತು. ಮತ್ತೆ ಹಾಗೆ ಮಾಡಬೇಡ."

ಅವನು ಕೀಬೋರ್ಡಿಗೆ ಬಟ್ಟೆ ಮುಚ್ಚಿದ.

ಅಕ್ಕನಿಗೆ ಒಬ್ಬಳು ಶಿಷ್ಯೆ ಇದ್ದಳು. ಗುರುವಿನ ದನಿ ಹೋಯಿತೆಂದು ಅವಳು ಬರುವುದನ್ನು ಬಿಡಲಿಲ್ಲ. ಎದುರು ಕುಳಿತು ತಾನೇ ಹಾಡುವಳು, ತಪ್ಪಿದರೆ ಅಕ್ಕ ಕೈ ಎತ್ತುವಳು. ಎಲ್ಲಿ ತಪ್ಪಿತು ಎಂದು ತಿಳಿಯುತ್ತಿತ್ತು. ಸರಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ಒಂದು ದಿನ ಮಧ್ಯಮದ ಬಳಿ ಹುಡುಗಿ ಮತ್ತೆ ಮತ್ತೆ ಎಡವಿದಳು. ಅಕ್ಕ ಕೈ ಎತ್ತಿದಳು, ತಲೆ ಅಲ್ಲಾಡಿಸಿದಳು, ನೆಲ ಬಡಿದಳು. ಹುಡುಗಿಯ ಕಣ್ಣು ತುಂಬಿತು. ಆಗ ಅಕ್ಕ ಎದ್ದು ಹೋಗಿ ಬಟ್ಟೆ ಸರಿಸಿ ಒಂದು ಕೀ ಒತ್ತಿದಳು. ಅವಳ ಮಧ್ಯಮ ಕೇಳಿಸಿತು. ಹುಡುಗಿ ಅದನ್ನು ಹಿಡಿದು ಹಾಡಿದಳು. ಸರಿಯಾಯಿತು.

ಅಂದಿನಿಂದ ಅಕ್ಕ ಕೀಬೋರ್ಡ್ ಬಿಡಲಿಲ್ಲ. ಬೆರಳುಗಳು ಮೊದಲು ಮೊದಲು ತೊದಲಿದವು, ಆಮೇಲೆ ನಡೆದವು. ಶಿಷ್ಯೆ ತಾನು ಹಾಡಿದ್ದನ್ನು ತಾನೇ ಕೇಳಿಕೊಳ್ಳಲಿ, ಅವಳ ಸ್ವರಗಳನ್ನೂ ಹಾಗೆಯೇ ಮುದ್ರಿಸು ಎಂದು ತಮ್ಮನಿಗೆ ಸೂಚಿಸಿದಳು. ಅವನು ಮುದ್ರಿಸಿದ. ಅಕ್ಕನ ಫೈಲುಗಳಿಗೆ ಇಟ್ಟ ಹೆಸರುಗಳನ್ನೇ ಇವಕ್ಕೂ ಇಟ್ಟ. ಸ, ರಿ, ಗ, ಮ. ಸ್ವರಕ್ಕೆ ಬೇರೆ ಹೆಸರು ಎಲ್ಲಿದೆ?

ಅಕ್ಕನ ಗುರುವಿನ ಪುಣ್ಯತಿಥಿ ಹತ್ತಿರ ಬಂತು. ಸಭೆಯ ಹಿರಿಯರು ಮನೆಗೆ ಬಂದರು. ಈ ಸಲವೂ ನೀವೇ ಮೊದಲು ಕೂರಬೇಕು ಎಂದರು. ಅಕ್ಕ ತಮ್ಮನ ಕಡೆ ತಿರುಗಿ ತುಟಿ ಆಡಿಸಿದಳು: "ಯಮನ್ ಎಂದು ಹೇಳು."

ಸುದ್ದಿ ಹಬ್ಬಿತು. ಆ ದನಿಯನ್ನು ಇನ್ನು ಕೇಳುವುದಿಲ್ಲ ಎಂದುಕೊಂಡವರೆಲ್ಲ ಹೊರಟು ನಿಂತರು.

ಸಭೆಯ ಹಿಂದಿನ ದಿನ ಅಭ್ಯಾಸ ಮಾಡುವಾಗ ಹಳೆಯ ಕಂಪ್ಯೂಟರ್ ತಡವರಿಸಿತು. ಅಕ್ಕ ಪಂಚಮ ಒತ್ತಿದಳು, ದನಿ ಅರ್ಧಕ್ಕೆ ನಿಂತು ಮತ್ತೆ ಬಂತು. ಕ್ಷಣ ಮಾತ್ರ. ಆದರೆ ತಮ್ಮ ಯೋಚಿಸಿದ: ವೇದಿಕೆಯ ಮೇಲೆ ಹೀಗಾದರೆ? ಅವನು ಸಂಜೆಯೇ ಹೋಗಿ ಹೊಸ ಕಂಪ್ಯೂಟರ್ ತಂದ. ಬೆಳಗಾಗುವುದರೊಳಗೆ ಅಕ್ಕನ ಫೋಲ್ಡರ್, ಶಿಷ್ಯೆಯ ಫೋಲ್ಡರ್ ಎಲ್ಲವನ್ನೂ ಅದಕ್ಕೆ ದಾಟಿಸಿದ. ಕಾರು ಬಾಗಿಲಲ್ಲಿ ನಿಂತಿದ್ದ ಆ ದಿನ ಅವಸರದಲ್ಲಿ ಬೇರೆ ಕಡೆ ಇಟ್ಟ ಎರಡು ಫೈಲುಗಳು ಅವನಿಗೆ ನೆನಪಾಗಲಿಲ್ಲ.

ಹೊಸ ಕಂಪ್ಯೂಟರಿನಲ್ಲಿ ಸ್ಯಾಂಪ್ಲರ್ ತೆರೆದ. ಯಂತ್ರ ಕೇಳಿತು: ಫೈಲು ಕಾಣುತ್ತಿಲ್ಲ, ಎಲ್ಲಿದೆ?

ಒಂದೇ ಸ್ವರ ಮೇಲಿನ ಸ್ಥಾಯಿ, ಕೆಳಗಿನ ಸ್ಥಾಯಿ ಎಂದು ಹಲವು ಕೀಗಳಿಗೆ ಹಂಚಿಹೋಗಿರುತ್ತದೆ. ಆದ್ದರಿಂದ ಅದೇ ಪ್ರಶ್ನೆ ಮತ್ತೆ ಬಂತು. ಅವನು ಬದಿಗೆ ಸರಿಸಿದ. ಮತ್ತೆ ಬಂತು. ಅತ್ತ ಫೋನು ಬಡಿದುಕೊಳ್ಳುತ್ತಿತ್ತು. ಮೈಕಿನವನು ಎಲ್ಲಿದ್ದೀರಿ ಎನ್ನುತ್ತಿದ್ದ. ಬಾಗಿಲಲ್ಲಿ ಕಂಪ್ಯೂಟರ್ ಅಂಗಡಿಯವನು ಬಂದು ನಿಂತಿದ್ದ. ಹಳೆಯ ಕಂಪ್ಯೂಟರನ್ನು ಹೆಣ್ಣುಮಕ್ಕಳ ಶಾಲೆಗೆ ಕೊಡುವುದಾಗಿ ತಮ್ಮ ಮಾತು ಕೊಟ್ಟಿದ್ದ. ಅದನ್ನು ಒಯ್ಯಲು ಅವನು ಬಂದಿದ್ದ. ಯಂತ್ರ ಮತ್ತೆ ಕೇಳಿತು: ಕಾಣುತ್ತಿಲ್ಲ, ಎಲ್ಲಿದೆ?

ತಮ್ಮನಿಗೆ ಸಿಟ್ಟು ಬಂತು. ಸೆಟ್ಟಿಂಗಿಗೆ ಹೋದ. ಕೇಳದೆ ಹುಡುಕು, ಹೆಸರು ಹೊಂದಿದರೆ ತೆಗೆದುಕೊ ಎಂಬಲ್ಲಿ ಗುರುತು ಹಾಕಿದ. ಯಂತ್ರ ಕ್ಷಣ ಹೊತ್ತು ಹುಡುಕಿತು. ಪರದೆಯ ಮೇಲಿನ ಕೆಂಪು ಗುರುತುಗಳೆಲ್ಲ ಹಸಿರಾದವು. ಎಲ್ಲ ಫೈಲು ಸಿಕ್ಕಿವೆ ಎಂದಿತು. ಅವನು ಷಡ್ಜ ಒತ್ತಿದ, ಅಕ್ಕನ ದನಿ. ಪಂಚಮ ಒತ್ತಿದ, ಅಕ್ಕನ ದನಿ. ತಡವರಿಕೆ ಇರಲಿಲ್ಲ. ಇಷ್ಟು ಸಾಕು ಎಂದುಕೊಂಡ.

"ಈ ಹಳೆಯದರಲ್ಲಿ ಇರುವುದೆಲ್ಲ ಅಳಿಸಿಬಿಡಲೇ ಸಾರ್?" ಎಂದ ಅಂಗಡಿಯವನು.

"ಎಲ್ಲ ಅಳಿಸಿ. ಮಕ್ಕಳ ಕೈಗೆ ಹೋಗುವುದು, ಚೊಕ್ಕಟವಾಗಿ ಹೋಗಲಿ."

ಅಂಗಡಿಯವನು ಹೊತ್ತುಕೊಂಡು ಹೋದ.

ಸಂಜೆ ಸಭಾಭವನ ತುಂಬಿತ್ತು. ದೀಪ ಹಚ್ಚಿದರು. ಅಕ್ಕ ಬಂದು ಕೀಬೋರ್ಡಿನ ಮುಂದೆ ಕುಳಿತಳು. ಹಿಂದೆ ಶಿಷ್ಯೆ ತಂಬೂರಿ ಹಿಡಿದಿದ್ದಳು. ಬದಿಯಲ್ಲಿ ತಬಲಾದವರು. ವೇದಿಕೆಯ ಅಂಚಿನಲ್ಲಿ, ಕಂಪ್ಯೂಟರಿನ ಪಕ್ಕ ತಮ್ಮ.

ಅಕ್ಕ ಷಡ್ಜ ಒತ್ತಿದಳು.

ಸಭೆಯಲ್ಲಿ ಯಾರೋ ಬಿಕ್ಕಿದರು. ಮುಂದಿನ ಸಾಲಿನಲ್ಲಿದ್ದ ವೃದ್ಧರೊಬ್ಬರು ಕೈ ಜೋಡಿಸಿದರು. ಅದೇ ದನಿ. ಅಕ್ಕ ಆ ದನಿಯನ್ನು ನಿಲ್ಲಲು ಬಿಟ್ಟಳು. ಆಮೇಲೆ, ಯಮನ್ ಬಾಗಿಲು ತೆರೆಯುವುದೇ ಕೆಳಗಿನ ನಿಷಾದದಿಂದ, ಅದರ ಮೇಲೆ ಬೆರಳಿಟ್ಟಳು.

ದನಿ ಬಂತು. ಶ್ರುತಿ ಸರಿಯಾಗಿತ್ತು. ಸಭೆ ತಲೆದೂಗಿತು.

ಅಕ್ಕನ ಬೆರಳು ಮಾತ್ರ ಅಲ್ಲಿಯೇ ನಿಂತುಬಿಟ್ಟಿತು.

ತಮ್ಮ ತಲೆ ಎತ್ತಿದ. ಅಕ್ಕ ಮತ್ತೊಮ್ಮೆ ಅದೇ ಕೀ ಒತ್ತಿದಳು, ಕಿವಿ ವಾಲಿಸಿ ಕೇಳಿದಳು. ಹಿಂದೆ ಕುಳಿತ ಶಿಷ್ಯೆ ತಲೆ ಎತ್ತಿ ಕೀಬೋರ್ಡಿನತ್ತ ನೋಡಿದಳು. ಅವಳಿಗೆ ಗೊತ್ತಾಗಿತ್ತು. ತನ್ನ ದನಿ ಯಾರಿಗೆ ಗೊತ್ತಾಗುವುದಿಲ್ಲ? ತಮ್ಮನಿಗೂ ಗೊತ್ತಾಯಿತು. ಅವನು ಪರದೆಯ ಮೇಲೆ ನಿಷಾದದ ಫೈಲು ಎಲ್ಲಿಂದ ಬಂದಿದೆ ಎಂದು ನೋಡಿದ. ಶಿಷ್ಯೆಯ ಫೋಲ್ಡರಿನಿಂದ ಬಂದಿತ್ತು. ಮಧ್ಯಮವನ್ನೂ ನೋಡಿದ. ಅದೂ ಅಲ್ಲಿಂದಲೇ. ಪಕ್ಕದಲ್ಲಿ ಹಸಿರು ಗುರುತು ಹಾಗೆಯೇ ಹೊಳೆಯುತ್ತಿತ್ತು. ಮನೆಗೆ ಓಡಿಹೋಗಿ ಹಳೆಯ ಕಂಪ್ಯೂಟರಿನಿಂದ ತರಲೇ ಎಂದು ಅರ್ಧ ಎದ್ದ. ಆಗ ಬೆಳಗ್ಗೆ ಅಂಗಡಿಯವನಿಗೆ ತಾನು ಹೇಳಿದ ಮಾತು ನೆನಪಾಯಿತು.

ಅಕ್ಕ ಅವನತ್ತ ತಿರುಗದೆಯೇ ಎಡಗೈಯನ್ನು ಸ್ವಲ್ಪ ಕೆಳಗೆ ಮಾಡಿದಳು. ಕುಳಿತುಕೊ ಎಂಬ ಸನ್ನೆ. ಅವನು ಕುಳಿತ.

ಬೆರಳು ಮುಂದೆ ಸರಿಯಿತು. ರಿಷಭ ಅವಳದೇ. ಗಾಂಧಾರ ಅವಳದೇ. ಮಧ್ಯಮವನ್ನು ಒಮ್ಮೆ ಮೆಲ್ಲಗೆ, ಪರರ ಮನೆಯ ಬಾಗಿಲು ತಟ್ಟುವವರಂತೆ ಒತ್ತಿದಳು. ಬೇರೆಯವರು ಉತ್ತರ ಕೊಟ್ಟರು. ಕೈ ಹಿಂದೆಗೆದಳು. ಪಂಚಮಕ್ಕೆ ಹಾರಿದಳು, ಅವಳದು. ಧೈವತ, ಅವಳದು.

ಇಡೀ ಸಭೆ ಕಾಯುತ್ತಿತ್ತು. ಅಕ್ಕ ಈಗ ಎದ್ದು ಹೋಗುತ್ತಾಳೆ ಎಂದುಕೊಂಡ ತಮ್ಮ. ಅಕ್ಕ ಕಣ್ಣು ಮುಚ್ಚಿದಳು. ಆಮೇಲೆ ಸ, ರಿ, ಗ, ಪ, ದ ಎಂದು ನುಡಿಸತೊಡಗಿದಳು. ಮಧ್ಯಮವನ್ನು ಮುಟ್ಟಲಿಲ್ಲ, ನಿಷಾದವನ್ನು ಮುಟ್ಟಲಿಲ್ಲ. ಯಮನ್ನಿನಿಂದ ಆ ಎರಡನ್ನು ತೆಗೆದರೆ ಉಳಿಯುವುದು ಭೂಪ್ ರಾಗ. ಅವಳು ಭೂಪ್ ನುಡಿಸಿದಳು. ತಬಲಾದವರು ಒಮ್ಮೆ ಹುಬ್ಬೇರಿಸಿ ಜೊತೆಗೂಡಿದರು. ಯಮನ್ ಎಂದಿದ್ದರಲ್ಲ ಎಂದು ಮುಂದಿನ ಸಾಲಿನಲ್ಲಿ ಒಬ್ಬರು ಪಿಸುಗುಟ್ಟಿದರು, ಸುಮ್ಮನಿರಿ ಎಂದು ಪಕ್ಕದವರು ಗದರಿದರು. ಅವಳ ಬೆರಳು ಗಾಂಧಾರದಿಂದ ಪಂಚಮಕ್ಕೆ ಹೋಗುವಾಗಲೆಲ್ಲ ತಮ್ಮ ಅದನ್ನೇ ದಿಟ್ಟಿಸುತ್ತಿದ್ದ. ಎಲ್ಲಿ ಅಭ್ಯಾಸಬಲದಿಂದ ಮಧ್ಯಮಕ್ಕೆ ಬೀಳುತ್ತದೋ ಎಂದು. ಒಮ್ಮೆಯೂ ಬೀಳಲಿಲ್ಲ.

ಮುಗಿದಾಗ ಜನ ಎದ್ದು ನಿಂತರು. ಚಪ್ಪಾಳೆ ನಿಲ್ಲಲಿಲ್ಲ.

ಒಳಕೋಣೆಯಲ್ಲಿ ತಮ್ಮ ಅಕ್ಕನ ಎದುರು ನಿಂತ. ಶಿಷ್ಯೆ ಬಾಗಿಲ ಬಳಿ ಅಳುತ್ತಿದ್ದಳು. "ಅಮ್ಮಾ, ನಿಮ್ಮ ಜಾಗದಲ್ಲಿ ನನ್ನ ದನಿ ಬಂದುಬಿಟ್ಟಿತು. ನಾನೇನೂ ಮಾಡಲಿಲ್ಲ ಅಮ್ಮಾ" ಎಂದಳು. ಅಕ್ಕ ಅವಳ ಕಣ್ಣು ಒರೆಸಿದಳು. ತಮ್ಮನ ಕಡೆ ನೋಡಿ ತುಟಿ ಆಡಿಸಿದಳು: "ನನ್ನವು ಎಲ್ಲಿ?"

ಅವನು ಹೇಳಿದ.

ಮರುದಿನ ಬಾಗಿಲು ತೆಗೆಯುವ ಮೊದಲೇ ಅವನು ಅಂಗಡಿಯ ಮುಂದೆ ನಿಂತಿದ್ದ. ಅಂಗಡಿಯವನು ಹಳೆಯದನ್ನೆಲ್ಲ ಅಳಿಸಿ, ಮೇಲೆ ಮಕ್ಕಳ ಪಾಠಗಳನ್ನು ತುಂಬಿಯಾಗಿತ್ತು. "ನೀವೇ ಅಲ್ಲವೇ ಸಾರ್ ಎಲ್ಲ ಅಳಿಸಿ ಎಂದದ್ದು?" ಎಂದ. ತಮ್ಮ ಆ ಡಿಸ್ಕನ್ನು ಬಿಚ್ಚಿಸಿಕೊಂಡು ಬಲ್ಲವರ ಬಳಿಗೆಲ್ಲ ಒಯ್ದ. ಏನೇನೋ ಹೊರಬಂದವು. ಹಳೆಯ ಫೋಟೋಗಳು ಬಂದವು, ಯಾವುದೋ ಭಾಷಣದ ತುಣುಕು ಬಂತು. ಆ ಎರಡು ಬರಲಿಲ್ಲ.

ಮನೆಗೆ ಬಂದು ಅಕ್ಕನ ಕಾಲ ಬಳಿ ಕುಳಿತ. "ಒಂದು ದಾರಿ ಇದೆ ಅಕ್ಕಾ" ಎಂದ. "ನಿನ್ನ ಗಾಂಧಾರವನ್ನೇ ಯಂತ್ರದಲ್ಲಿ ಏರಿಸಿ ಮಧ್ಯಮ ಮಾಡಬಹುದು. ಧೈವತವನ್ನು ಏರಿಸಿ ನಿಷಾದ ಮಾಡಬಹುದು. ದನಿ ನಿನ್ನದೇ ಇರುತ್ತದೆ."

ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು. ತುಟಿಯಲ್ಲಿ ನಿಧಾನವಾಗಿ, ಅವನಿಗೆ ಒಂದು ಮಾತೂ ತಪ್ಪದಂತೆ ಹೇಳಿದಳು: "ಅದು ನಾನು ಹಾಡಿದ ಮಧ್ಯಮ ಅಲ್ಲಪ್ಪ. ಇಲ್ಲದ್ದು ಇಲ್ಲ ಎಂದೇ ಇರಲಿ."

ಅವನಿಂದಲೇ ಸೆಟ್ಟಿಂಗಿನ ಆ ಗುರುತನ್ನು ತೆಗೆಸಿದಳು. ಶಿಷ್ಯೆಯ ಎರಡು ಸ್ವರಗಳನ್ನು ಅಲ್ಲಿಂದ ಬಿಡಿಸಿದಳು. ಪರದೆಯ ಮೇಲೆ ಮಧ್ಯಮದ ಎದುರು ಕೆಂಪು ಬಂತು, ನಿಷಾದದ ಎದುರು ಕೆಂಪು ಬಂತು. ಆ ಕೀಗಳನ್ನು ಒತ್ತಿದರೆ ಈಗ ಏನೂ ಕೇಳಿಸುತ್ತಿರಲಿಲ್ಲ.

ಹಾಗೆಯೇ ಅವಳು ಯಮನ್ ಕಲಿಸಿದಳು. ಉಳಿದ ಸ್ವರಗಳನ್ನು ಅವಳು ನುಡಿಸುವಳು. ಮಧ್ಯಮ ಬಂದಾಗ ಕೀ ಒತ್ತಿ ಶಿಷ್ಯೆಯ ಮುಖ ನೋಡುವಳು. ಸದ್ದಿಲ್ಲ. ಶಿಷ್ಯೆ ಆ ಸದ್ದಿಲ್ಲದ ಕಡೆ ತನ್ನ ಮಧ್ಯಮವನ್ನು ತಾನೇ ಹುಡುಕಿ ಹಾಡಬೇಕು. ಬಹಳ ಕಷ್ಟಪಟ್ಟಳು. ಮರುವರ್ಷ ಅದೇ ಸಭೆಯಲ್ಲಿ ಇಬ್ಬರೂ ಕುಳಿತು ಯಮನ್ ಮಾಡಿದರು. ಜನ ಮೆಚ್ಚಿದರು. ತಮ್ಮ ಮಾತ್ರ ಪ್ರತಿ ಮಧ್ಯಮಕ್ಕೂ ತಲೆ ತಗ್ಗಿಸುತ್ತಿದ್ದ. ಅಕ್ಕ ಅವನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿ ತಂಬೂರಿಯನ್ನು ಗೋಡೆಗೆ ಒರಗಿಸಿದರು.

ಪ್ರಭುಲಿಂಗನ ಮನಸ್ಸು ಕೇಳಲಿಲ್ಲ. "ಅಷ್ಟು ಹುಡುಕಿದರೂ ಆ ಎರಡು ಸ್ವರ ಸಿಗಲೇ ಇಲ್ಲವೇ ಗುರುಗಳೇ?" ಎಂದ.

"ಕಾಣುತ್ತಿಲ್ಲ ಎಂದು ಯಂತ್ರ ಕೇಳುತ್ತಿದ್ದಷ್ಟು ಹೊತ್ತು ಅವು ಇದ್ದವು ಮಗೂ, ಸಿಕ್ಕಿವೆ ಎಂದು ಹೇಳಿದ ಮೇಲೆ ಹೋದವು."